ಇಂಗ್ಲಿಷಿನ ‘ರೀಡ್’ ಪದಕ್ಕೆ ಮೊದಲಿನಿಂದಲೂ ‘ಓದು’ ಎಂಬ ಅರ್ಥವೇ ಇತ್ತೇ?

ಇಲ್ಲ. ಅದರ ಹಳೆಯ ರೂಪ ‘ರೇಡನ್’. ಸಲಹೆ ಕೊಡು, ಗೂಢವಾದದ್ದನ್ನು ಬಿಡಿಸಿ ಹೇಳು ಎಂಬುದು ಅದರ ಮೂಲಾರ್ಥ. ಕನಸಿನ ಅರ್ಥ ಹೇಳುವುದಕ್ಕೂ ಒಗಟು ಒಡೆಯುವುದಕ್ಕೂ ಅದೇ ಕ್ರಿಯಾಪದ. ಒಗಟು ಎಂಬರ್ಥದ ‘ರಿಡಲ್’ ಹುಟ್ಟಿದ್ದೂ ಅದೇ ಬೇರಿನಿಂದ. ಬರಹವೂ ಒಂದು ಬಗೆಯ ಒಗಟೇ ತಾನೆ? ಗುರುತುಗಳನ್ನು ನೋಡಿ ಅರ್ಥ ಬಿಡಿಸಬೇಕು. ಹೀಗೆ ಆ ಪದ ಓದಿಗೆ ಅಂಟಿಕೊಂಡಿತು.

ಸೋದರ ಭಾಷೆ ಜರ್ಮನ್‌ನಲ್ಲಿ ಇದೇ ಬೇರಿನ ‘ರಾಟನ್’ ಇಂದಿಗೂ ‘ಸಲಹೆ ಕೊಡು, ಊಹಿಸು’ ಎಂದೇ ಉಳಿದಿದೆ. ಓದುವುದಕ್ಕೆ ಅಲ್ಲಿ ‘ಲೇಸನ್’. ಆಯ್ದು ಕೂಡಿಸು ಎನ್ನುವುದು ಅದರ ಹಳೆಯ ಅರ್ಥ.

ಹಳೆಯ ಅರ್ಥದ ಒಂದು ಮೋಜಿನ ಪಳೆಯುಳಿಕೆಯೂ ಇದೆ. 978ರಲ್ಲಿ ಇಂಗ್ಲೆಂಡಿನ ಪಟ್ಟವೇರಿದ ಎಥೆಲ್‌ರೆಡ್ ದೊರೆಯ ಹೆಸರಿನ ಅರ್ಥ ‘ಶ್ರೇಷ್ಠ ಸಲಹೆ’. ಅವನಿಗೆ ಅಂಟಿದ ಅಡ್ಡಹೆಸರು ‘ಅನ್‌ರೆಡಿ’. ‘ಸಿದ್ಧನಿಲ್ಲದವ’ ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಅದು ‘ಕೆಟ್ಟ ಸಲಹೆ’ ಎಂಬ ಕುಟುಕು.

‘ಮನಸ್ಸನ್ನು ರೀಡ್ ಮಾಡಿದ’ ಎನ್ನುವಾಗ ಅಕ್ಷರವೇ ಇರುವುದಿಲ್ಲ, ನೋಡಿ. ಆ ಬಳಕೆ ಮೂಲಾರ್ಥಕ್ಕೇ ಹೆಚ್ಚು ಹತ್ತಿರ.