ಗಟ್ಟಿ ಮನಸ್ಸು ಮಾಡ್ಕೊಳ್ಳಿ ಅಂತ ಹೇಳಿ ಹೊರಟವರು

"ಕಳೆದ ಸಂಚಿಕೆಯ ಆರೋಗ್ಯ ಪುಟದಲ್ಲಿ ದುಃಖದಿಂದ ಹೃದಯಕ್ಕೆ ಪೆಟ್ಟಾಗುತ್ತದೆ ಎಂದು ಬರೆದಿದ್ದೀರಿ. ನಮ್ಮ ತಂದೆ ತೀರಿಕೊಂಡಾಗ ತಾಯಿಗೆ ಮೂವತ್ತು ದಾಟಿರಲಿಲ್ಲ. ನಾವು ನಾಲ್ಕು ಮಕ್ಕಳು. ಕಬ್ಬಿನ ಗದ್ದೆಯಲ್ಲಿ ದುಡಿದು ನಮ್ಮನ್ನು ಓದಿಸಿದರು, ಎಂಬತ್ತಾರು ವರ್ಷ ಬದುಕಿದರು. ಅವರಿಗೆ ಯಾವ ಸ್ಟ್ರೆಸ್ಸೂ ಇರಲಿಲ್ಲ. ಉಳಿಯ ಏಟು ತಿಂದ ಕಲ್ಲೇ ವಿಗ್ರಹ ಆಗುವುದು. ಈಗಿನವರಿಗೆ ಕಷ್ಟವೇ ಗೊತ್ತಿಲ್ಲ. ಇಂಥ ಲೇಖನ ಹಾಕಿ ಅವರನ್ನು ಇನ್ನಷ್ಟು ಮೆತ್ತಗೆ ಮಾಡಬೇಡಿ."
— ನಿವೃತ್ತ ಶಿಕ್ಷಕರು, ಮಂಡ್ಯ ತಾಲ್ಲೂಕು

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದ ನಾಲ್ಕು ಪುಟ ಇತ್ತು. ಜಾಗ ಸಾಲದೆ ಮೇಲೆ ಇಷ್ಟೇ ಕೊಟ್ಟಿದ್ದೇನೆ. ಒಂದು ಒತ್ತಕ್ಷರವೂ ತಪ್ಪಿಲ್ಲ. ನಮ್ಮ ಡಿಟಿಪಿ ಹುಡುಗನಿಗೆ ತೋರಿಸಿದೆ, ತಲೆ ತಗ್ಗಿಸಿದ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಕಷ್ಟವನ್ನೇ ಕಾಣದವರಿಗಿಂತ ಒಂದಷ್ಟು ಕಷ್ಟ ಕಂಡವರು ಮುಂದಿನ ಪೆಟ್ಟನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ ಎಂದು 2010ರಲ್ಲಿ ಅಮೆರಿಕದ ಮಾರ್ಕ್ ಸೀರಿ ಮತ್ತು ಜೊತೆಯವರು ತೋರಿಸಿದ್ದಾರೆ. ಕಷ್ಟ ಅತಿಯಾದವರು ಮಾತ್ರ ಅದೇ ಅಧ್ಯಯನದಲ್ಲಿ ಸೊರಗಿದ್ದರು. ನಿಮ್ಮ ಪರವಾಗಿ ನಾನು ಹೇಳುವುದು ಇಲ್ಲಿಗೆ ಮುಗಿಯಿತು.

ಇನ್ನು ಆ ವಿಗ್ರಹ. ಕಲ್ಲು ಕೆತ್ತುವವರ ಅಂಗಳಕ್ಕೆ ಒಮ್ಮೆ ಹೋಗಿ ನೋಡಿ. ವಿಗ್ರಹ ಒಂದೋ ಎರಡೋ ಇರುತ್ತದೆ, ಸುತ್ತ ಚೂರಿನ ರಾಶಿ. ಅವೂ ಏಟು ತಿಂದವೇ, ಅಲ್ವಾ? ಗಂಡ ಹೋದ ವರ್ಷವೇ ತಾನೂ ಹೋದ ಹೆಂಗಸಿನ ಬಗ್ಗೆ ನನಗೆ ನಾಲ್ಕು ಪುಟ ಬರೆಯುವವರು ಯಾರೂ ಇಲ್ಲ. 2015ರಲ್ಲಿ ನಿಮ್ಮ ಜಿಲ್ಲೆಯಲ್ಲೇ ಕಬ್ಬು ಬೆಳೆದವರು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡರಲ್ಲ, ಅವರೇನು ಮೆತ್ತಗಿನವರಾ? ರಾತ್ರಿ ಯಾವ ಹೊತ್ತಿಗೆ ಕರೆಂಟ್ ಬಂದರೂ ಎದ್ದು ಹೋಗಿ ನೀರು ಕಟ್ಟುತ್ತಿದ್ದವರು. ಕಷ್ಟದ ಪಾಠ ಅವರಿಗೆ ಸಾಲದೇ ಹೋಯಿತು ಎಂದು ನೀವೂ ಹೇಳಲಾರಿರಿ.

ಮೈಸೂರಿನಲ್ಲಿ ನಮ್ಮ ಬೀದಿಯ ಒಬ್ಬರಿಗೆ, ಅರವತ್ತು ದಾಟಿದವರು, ಗಂಡನ ತಿಥಿಯ ಮಾರನೆಯ ದಿನ ಎದೆನೋವು ಬಂತು. ಇಸಿಜಿ ಏರುಪೇರು. ಆಂಜಿಯೋಗ್ರಾಂ ಮಾಡಿದರೆ ಎಲ್ಲೂ ಬ್ಲಾಕ್ ಇಲ್ಲ. "ಏನೂ ಇಲ್ವಂತೆ, ಸುಮ್ನೆ ಟೆನ್ಷನ್" ಅಂತ ಮಗ ಫೋನಿನಲ್ಲಿ ನೆಂಟರಿಗೆಲ್ಲ ಹೇಳಿಬಿಟ್ಟ. ಡಾಕ್ಟರು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಅವನನ್ನು ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಹೃದಯದ ಎಡ ಕೋಣೆಯ ತುದಿ ಊದಿಕೊಂಡು ನಿಂತಿತ್ತು, ರಕ್ತವನ್ನು ಸರಿಯಾಗಿ ಒತ್ತುತ್ತಿರಲಿಲ್ಲ. ಇದಕ್ಕೆ ಟಾಕೊತ್ಸುಬೊ ಅನ್ನುತ್ತಾರೆ. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯುವ, ಕತ್ತು ಕಿರಿದಾದ ಮಡಕೆಯ ಹೆಸರು ಅದು. ಹೃದಯ ಅದೇ ಆಕಾರಕ್ಕೆ ತಿರುಗುತ್ತದೆ ಎಂದು 1990ರಲ್ಲಿ ಅಲ್ಲಿನ ವೈದ್ಯರು ಆ ಹೆಸರಿಟ್ಟರು. ಹೆಚ್ಚಾಗಿ ಬರುವುದು ಮುಟ್ಟು ನಿಂತ ಹೆಂಗಸರಿಗೆ. ಹೆದರಿಕೆ, ಆಘಾತದ ಹೊತ್ತಿನಲ್ಲಿ ಮೈಯಲ್ಲಿ ಹರಿಯುವ ಅಡ್ರಿನಲಿನ್ ಎಂಬ ಹಾರ್ಮೋನು ಒಮ್ಮೆಲೇ ನುಗ್ಗಿ ಹೃದಯದ ಸ್ನಾಯು ಮರಗಟ್ಟುತ್ತದೆ ಎಂಬುದು ಬಹಳ ವೈದ್ಯರ ಅಭಿಪ್ರಾಯ. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರು ಉಳಿಯುವುದಿಲ್ಲ. ಮಗ ಹೇಳಿದ "ಏನೂ ಇಲ್ಲ" ಎಂಬುದು ಇದು.

ಗಂಡಸರನ್ನೂ ಬಿಟ್ಟಿಲ್ಲ. 1969ರಲ್ಲಿ ಬ್ರಿಟನ್ನಿನ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಜೊತೆಯವರು, ಹೆಂಡತಿ ತೀರಿಕೊಂಡ 55 ದಾಟಿದ 4,486 ಗಂಡಸರ ಲೆಕ್ಕ ತೆಗೆದರು. ಮೊದಲ ಆರು ತಿಂಗಳಲ್ಲಿ ಸಾವು ಆ ವಯಸ್ಸಿನವರಲ್ಲಿ ಇರಬೇಕಾದ್ದಕ್ಕಿಂತ ಶೇ. 40ರಷ್ಟು ಜಾಸ್ತಿ ಇತ್ತು. ಅದರಲ್ಲಿ ಹೃದಯದ ಕಾಯಿಲೆಯದೇ ದೊಡ್ಡ ಪಾಲು.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಈ ಅಡ್ರಿನಲಿನ್ ಬೇಕೇ ಬೇಕು. ಓಡಿದಿರಿ, ಗೇಟು ಹಾಕಿಕೊಂಡಿರಿ, ಮುಗಿಯಿತು. ಸಾಲ, ಸಾವು, ಹಾಸಿಗೆ ಹಿಡಿದವರ ಸೇವೆ ಹಾಗೆ ಮುಗಿಯುವುದಿಲ್ಲ. ಒತ್ತಡದ ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ಏರುಪೇರಾಗುತ್ತದೆ, ಬಿಪಿ ಏರುತ್ತದೆ, ನಿದ್ದೆ ಹೋಗುತ್ತದೆ. ಗಾಯ ಕೂಡ ಬೇಗ ಮಾಯುವುದಿಲ್ಲ. ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ 1995ರಲ್ಲಿ ಇದನ್ನು ಅಳೆದರು. ಮರೆವಿನ ಕಾಯಿಲೆಯ ನೆಂಟರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಹೆಚ್ಚುಕಮ್ಮಿ ಅದೇ ವಯಸ್ಸಿನ, ಆ ಹೊರೆ ಇಲ್ಲದ ಇನ್ನೂ 13 ಹೆಂಗಸರು. ಎಲ್ಲರಿಗೂ ಒಂದೇ ಅಳತೆಯ ಪುಟ್ಟ ಗಾಯ. ಸೇವೆ ಮಾಡುತ್ತಿದ್ದವರಿಗೆ ಅದು ಮಾಯಲು 9 ದಿನ ಜಾಸ್ತಿ ಹಿಡಿಯಿತು. ಅವರು ಯಾರೂ ಅಳುಬುರುಕಿಯರಲ್ಲ, ದಿನಾ ಎದ್ದು ಅಷ್ಟೂ ಕೆಲಸ ಮಾಡುತ್ತಿದ್ದವರು. ನಿಮ್ಮ ಅಮ್ಮನಿಗೂ ಸ್ಟ್ರೆಸ್ ಇತ್ತು ಮೇಷ್ಟ್ರೇ. ಅದನ್ನು ಯಾರ ಮುಂದೆ ಹೇಳಬೇಕೋ ಅವರ ಮುಂದೆ ಹೇಳಿಕೊಂಡಿರುತ್ತಾರೆ. ಮಕ್ಕಳ ಮುಂದೆ ಅಲ್ಲ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. ನಿಮ್ಮ ಕಾಗದದ ಮೂರನೇ ಪುಟದಲ್ಲೇ ಇದೆ. ಅಪ್ಪ ಹೋದ ವರ್ಷ ಚಿಕ್ಕಪ್ಪನೇ ನಿಮ್ಮ ಗದ್ದೆಯನ್ನೂ ಉತ್ತುಕೊಟ್ಟರು. ಪಕ್ಕದ ಮನೆಯ ಅಜ್ಜಿ ರಾತ್ರಿ ಚಾಪೆ ತಂದು ನಿಮ್ಮ ಅಮ್ಮನ ಪಕ್ಕ ಮಲಗುತ್ತಿದ್ದರು, ಮುಂದಿನ ಸುಗ್ಗಿಯವರೆಗೂ. ಇಷ್ಟು ದೊಡ್ಡ ವಿಷಯವನ್ನು ನೀವು ಒಂದೂವರೆ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಇದಕ್ಕೆ ಮಾತ್ರ ನಿಮಗೆ ಮಾರ್ಕ್ಸ್ ಕಡಿಮೆ. ಅಮ್ಮನನ್ನು ಉಳಿಸಿದ್ದು ಕಷ್ಟವಲ್ಲ, ಆ ಚಾಪೆ ತಂದವರು.

ಜೊತೆಗಿರುವುದು ಮನಸ್ಸಿನ ಸಮಾಧಾನ ಮಾತ್ರ ಅಲ್ಲ. 2006ರಲ್ಲಿ ಜೇಮ್ಸ್ ಕೋನ್ ಎಂಬವರು 16 ಜನ ಮದುವೆಯಾದ ಹೆಂಗಸರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಈಗ ಶಾಕ್ ಕೊಡಬಹುದು ಎಂದು ಹೆದರಿಸಿದರು. ಒಬ್ಬರೇ ಇದ್ದಾಗ ಮೆದುಳಿನ ಹೆದರಿಕೆಯ ಭಾಗಗಳು ಜೋರಾಗಿ ಕೆಲಸ ಮಾಡುತ್ತಿದ್ದವು. ಗಂಡ ಕೈ ಹಿಡಿದುಕೊಂಡಾಗ ತಣ್ಣಗಾದವು. ಅಪರಿಚಿತರು ಹಿಡಿದರೂ ಸ್ವಲ್ಪ ತಗ್ಗಿದವು. ಸಂಸಾರ ಚೆನ್ನಾಗಿದ್ದವರಿಗೆ ಗಂಡನ ಕೈಯಿಂದ ಇನ್ನೂ ಜಾಸ್ತಿ ಲಾಭ. (ಉಳಿದವರು ಮನೆಗೆ ಹೋಗಿ ಏನು ಮಾತಾಡಿಕೊಂಡರೋ!) ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಟ್ಟಲೆ ನೋಡುತ್ತಾ ಬಂದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಹುಟ್ಟಿದವರಲ್ಲೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ಚೆನ್ನಾಗಿಯೇ ಬೆಳೆದರು. ಆ ಮಕ್ಕಳಿಗೆ ನೆಚ್ಚಿಕೊಳ್ಳಲು ಒಬ್ಬರಾದರೂ ದೊಡ್ಡವರು ಸಿಕ್ಕಿದ್ದರು. ಅಜ್ಜಿ, ಅತ್ತೆ, ಕೆಲವೊಮ್ಮೆ ಶಾಲೆಯ ಮೇಷ್ಟ್ರು. ನೀವೂ ಯಾರಿಗೋ ಆ ಒಬ್ಬರಾಗಿರುತ್ತೀರಿ, ಆದರೂ ಹೀಗೆ ಬರೆಯುತ್ತೀರಿ!

ನಮ್ಮ ಹಳ್ಳಿಗಳಿಗೆ ಇದು ಗೊತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರೇ ಅನ್ನ ಸಾರು ತರಬೇಕು. ಮೂರಕ್ಕೆ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ. ಅಷ್ಟು ದಿನ ಆ ಮನೆ ಖಾಲಿ ಇರುತ್ತಿರಲಿಲ್ಲ. ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು, ಯಾರೂ ಸುಮ್ಮನಿರಿ ಅನ್ನುತ್ತಿರಲಿಲ್ಲ. ಅದೇ ಶಾಸ್ತ್ರ ಗಂಡ ಸತ್ತವಳ ಬಳೆ ಒಡೆಸಿತು, ಮದುವೆ ಮನೆಯಲ್ಲಿ ಮೂಲೆಗೆ ಕೂರಿಸಿತು. ಅದನ್ನು ನಾನು ಹೊಗಳಲಾರೆ. ಆದರೆ ನಾವು ಬಿಟ್ಟಿದ್ದು ಯಾವುದನ್ನು? ಕೂರಿಸಿದ ಮೂಲೆ ಹಾಗೇ ಇದೆ, ತರುತ್ತಿದ್ದ ಸಾರು ನಿಂತಿದೆ.

ಈಗ ಮೈಸೂರಿನಲ್ಲಿ ಒಂದು ಸಾವಾದರೆ ಬೀದಿಯ ವಾಟ್ಸಾಪ್ ಗುಂಪಿಗೆ ನಲವತ್ತು "ಓಂ ಶಾಂತಿ" ಬೀಳುತ್ತವೆ. ಅದರ ಬೆನ್ನಿಗೇ ನೀರು ಯಾವಾಗ ಬಿಡ್ತಾರೆ ಅಂತ ಒಂದು ಪ್ರಶ್ನೆ. ತಿಥಿಗೆ ಛತ್ರ, ಕೇಟರಿಂಗ್, ಎರಡು ಸಿಹಿ. ಉಂಡು, "ಗಟ್ಟಿ ಮನಸ್ಸು ಮಾಡ್ಕೊಳ್ಳಿ" ಅಂತ ಹೇಳಿ, ಎಲೆಅಡಿಕೆ ಹಾಕಿಕೊಂಡು ಹೊರಡುವುದು. ಹೊಸ ಬಡಾವಣೆಗಳ ಮನೆಗೆ ಜಗಲಿಯೇ ಇಲ್ಲ, ಕೂರುವುದಾದರೂ ಎಲ್ಲಿ? ಆಫೀಸಿನವರು ಮೂರು ದಿನ ರಜೆ ಕೊಡುತ್ತಾರೆ. ಆಮೇಲೆ ಟೈ ಕಟ್ಟಿದ ಒಬ್ಬ ಭಾಷಣಕಾರನನ್ನು ಕರೆಸಿ ಪಾಸಿಟಿವ್ ಥಿಂಕಿಂಗ್ ಕಲಿಸುತ್ತಾರೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಒಳ್ಳೆಯ ಕೆಲಸ. ಫೋನು ಎತ್ತುವವರು ಗದ್ದೆ ಉತ್ತುಕೊಡಲಾರರು, ಅದು ಅವರ ತಪ್ಪಲ್ಲ.

ಎಲ್ಲಕ್ಕಿಂತ ನನ್ನ ಸಿಟ್ಟು ಬೇರೆ ಕಡೆ ಇದೆ. ಗಂಡ ಸತ್ತ ಹೆಂಗಸಿನ ಬಿಪಿ ಏರಿಸುವುದು ದುಃಖ ಒಂದೇ ಅಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕಿನ ನಾಮಿನಿ, ವಿಧವಾ ವೇತನದ ಅರ್ಜಿ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ. ಒಂದು ಕೌಂಟರಿನಲ್ಲಿ ಇನಿಷಿಯಲ್ ಸರಿಯಿಲ್ಲ, ಇನ್ನೊಂದರಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸೋಮವಾರ ಬಾಮ್ಮ. ಎಳ್ಳಷ್ಟೂ ಓಡಾಟ ಗೊತ್ತಿಲ್ಲದವಳನ್ನು ತಿಂಗಳುಗಟ್ಟಲೆ ಅಲೆಸಿ, ಆಮೇಲೆ ಅವಳಿಗೇ ಧ್ಯಾನ ಮಾಡಿ, ಉಪ್ಪು ಕಡಿಮೆ ತಿನ್ನಿ ಅಂತ ಹೇಳುತ್ತೇವೆ.

ಅದಕ್ಕೇ ಮುಂದಿನ ಸಂಚಿಕೆಯಲ್ಲಿ ಪೌತಿ ಖಾತೆ ಮಾಡಿಸಲು ಯಾವ ಯಾವ ಕಾಗದ ಬೇಕು, ಜೊತೆಗೆ ಹೋಗುವವರು ಏನು ಕೇಳಬೇಕು ಎಂದು ಒಂದು ಪೂರ್ತಿ ಪುಟ ಕೊಡುತ್ತಿದ್ದೇವೆ. ಆರೋಗ್ಯ ವಿಭಾಗದಲ್ಲೇ. ಅದಕ್ಕೂ ನೀವು ತಕರಾರು ತೆಗೆಯುತ್ತೀರಿ, ಗೊತ್ತು. ಬರೀರಿ.

— ಸಂಪಾದಕ