ಪ್ರತಿಕ್ರಿಯೆ: ಮಾನಿಟರ್ ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಲೆಕ್ಕ) 1024×768 ದಾಟುತ್ತಿಲ್ಲ, ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕಾ?

ನಮಸ್ಕಾರ ಸರ್. ಬಾಗಲಕೋಟೆ ನವನಗರದ ನಿಮ್ಮ ಡಿಟಿಪಿ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಫುಲ್ ಎಚ್‌ಡಿ ಮಾನಿಟರ್ ತಂದಿದ್ದೀರಿ. ವಿಜಿಎ ಕೇಬಲ್ (ಮಾನಿಟರ್‌ಗೆ ಚಿತ್ರ ಒಯ್ಯುವ ಹಳೇ ಮಾದರಿಯದು) ಹಾಕಿದರೆ 'ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್', ಅಂದರೆ ಗುರುತು ಸಿಗದ ಮಾನಿಟರ್, ಅಂತ ಬರುತ್ತಿದೆ, ಅಲ್ವಾ? ಹೊಸ ಕಾರ್ಡ್ ಈಗಲೇ ಬೇಡ. ಸುಮ್ನೆ ದುಡ್ಡು ದಂಡ.

ಕಂಪ್ಯೂಟರ್‌ಗೆ ಮಾನಿಟರ್‌ನ ಗುರುತು ಸಿಗುತ್ತಿಲ್ಲ, ಅದಕ್ಕೇ 1024×768ಕ್ಕೆ ನಿಂತಿದೆ, ಅಷ್ಟೇ. ಮಾನಿಟರ್ ಒಳಗಿನ ಸಣ್ಣ ಚಿಪ್‌ನಲ್ಲಿ ಇಡಿಐಡಿ ಅನ್ನೋ 128 ಬೈಟ್‌ಗಳ ಮಾಹಿತಿ ಇರುತ್ತದೆ. ಕಂಪನಿಯ ಮೂರಕ್ಷರದ ಗುರುತು, ಮಾಡೆಲ್ ಸಂಖ್ಯೆ, ಹೊಂದುವ ರೆಸಲ್ಯೂಷನ್, ತಯಾರಾದ ವರ್ಷ ಎಲ್ಲ ಅದರಲ್ಲೇ. ವರ್ಷವನ್ನು 1990ರಿಂದ ಎಣಿಸುತ್ತಾರೆ. 25 ಅಂತಿದ್ದರೆ 2015ರ ಮಾಲು. (ಮಾರಿದವರು 'ಎರಡೇ ವರ್ಷದ್ದು' ಅಂದಿದ್ದರೆ ಇದನ್ನೂ ಒಮ್ಮೆ ನೋಡಿಬಿಡಿ!)

ವಿಜಿಎಯಲ್ಲಿ ಈ ಮಾಹಿತಿ ಬರೋದು 12 ಮತ್ತು 15ನೇ ಪಿನ್‌ಗಳಿಂದ. ಬಣ್ಣಗಳಿಗೆ ಬೇರೆ ಪಿನ್‌ಗಳಿವೆ. ಹಾಗಾಗಿ ಇವೆರಡರಲ್ಲಿ ಒಂದು ಮುರಿದರೂ ಚಿತ್ರ ಚೆನ್ನಾಗೇ ಕಾಣುತ್ತದೆ, ಗುರುತು ಮಾತ್ರ ತಲುಪೋದಿಲ್ಲ. ಕೇಬಲ್ ಬಿಚ್ಚಿ ತುದಿ ನೋಡಿ. ಅಗಲ ಕಡಿಮೆ ಇರುವ ಬದಿಯ ಸಾಲಿನಲ್ಲಿ 11ರಿಂದ 15ರವರೆಗಿನ ಪಿನ್‌ಗಳಿವೆ. ಒಂದೂ ಬಾಗಿರಬಾರದು. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, 9ನೇದು ಎಷ್ಟೋ ಕೇಬಲ್‌ಗಳಲ್ಲಿ ಇರೋದೇ ಇಲ್ಲ.

ಮೊದಲು ಪಕ್ಕದ ಅಂಗಡಿಯಿಂದ ಬೇರೆ ಕೇಬಲ್ ಇಸ್ಕೊಂಡು ಹಾಕಿ ನೋಡಿ. ನಡುವೆ ಸ್ಪ್ಲಿಟರ್ (ಒಂದೇ ಚಿತ್ರವನ್ನು ಹಲವು ಮಾನಿಟರ್‌ಗೆ ಹಂಚುವ ಡಬ್ಬಿ) ಇದ್ದರೆ ತೆಗೆದುಬಿಡಿ, ಅಗ್ಗದವು ಈ ಮಾಹಿತಿಯನ್ನು ದಾಟಿಸದೇ ಇರಬಹುದು. ಕಂಪ್ಯೂಟರ್, ಮಾನಿಟರ್ ಎರಡೂ ಕಡೆ ಎಚ್‌ಡಿಎಂಐ (ಹೊಸ ಮಾದರಿಯ ಕೇಬಲ್ ಜಾಗ) ಇದ್ದರೆ ವಿಜಿಎ ಬಿಟ್ಟು ಅದನ್ನೇ ಹಾಕಿ.