ಪರೀಕ್ಷೆಗೆ ಮೊದಲು ಚಪಾತಿ ಬಿಡಬೇಡಿ

ಕಾರವಾರದಲ್ಲಿದ್ದೀರಿ, ಚಪಾತಿ ಅಥವಾ ಪಾವ್ ತಿಂದ ದಿನ ಹೊಟ್ಟೆ ಉಬ್ಬರಿಸುತ್ತದೆ, ಕೆಲವೊಮ್ಮೆ ಭೇದಿಯಾಗುತ್ತದೆ. ಅನ್ನ ಉಣ್ಣುವ ನಮ್ಮ ಕಡೆಯವರಿಗೂ ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಬರುತ್ತದೆಯೇ, ಒಂದು ತಿಂಗಳು ಗೋಧಿ ಬಿಟ್ಟು ನೋಡಲೇ ಎಂದು ಕೇಳಿದ್ದೀರಿ. ಬರುತ್ತದೆ, ನನಗೇ ಬಂದಿದೆ. ಆದರೆ ಗೋಧಿಯನ್ನು ಈಗಲೇ ಬಿಡಬೇಡಿ. ನಾನು ಬಿಟ್ಟು ಕೆಟ್ಟೆ.

ನಾನು ವೈದ್ಯೆಯಲ್ಲ. ಶಿರಸಿಯವಳು, ಏಳು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಏಗುತ್ತಿರುವವಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ತೆಳ್ಳೇವು (ಅಕ್ಕಿಯ ತೆಳು ದೋಸೆ), ಎರಡು ಹೊತ್ತು ಅನ್ನ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ರಾತ್ರಿಯ ಅನ್ನ ಹೋಗಿ ಚಪಾತಿ ಬಂತು. ಒಬ್ಬರಿಗಾಗಿ ಬೇರೆ ಅಡುಗೆ ಯಾಕೆ ಎಂದು ಎಲ್ಲರಿಗೂ ಅದೇ ಆಯಿತು. ನನ್ನ ತೊಂದರೆ ಎದ್ದು ಕಂಡದ್ದು ಆಮೇಲೆ.

ವಿಚಿತ್ರವೆಂದರೆ, ನನಗೆ ಹೊಟ್ಟೆ ಅಷ್ಟೇನೂ ಕಾಡಿರಲಿಲ್ಲ. ಕಾಡಿದ್ದು ಸುಸ್ತು. ತೋಟದ ಇಳಿಜಾರು ಹತ್ತಿ ಮನೆಯ ಅಂಗಳ ಮುಟ್ಟುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಹಿಮೋಗ್ಲೋಬಿನ್ 7.9. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೆ 8.2. ಇನ್ನೂ ಮೂರು ತಿಂಗಳು ನುಂಗಿದೆ, ಅದು ಅಲ್ಲಿಂದ ಕದಲಲಿಲ್ಲ. ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿರಬೇಕು ಎಂದರು ಒಬ್ಬರು, ಸೊಪ್ಪು ತಿನ್ನುವುದಿಲ್ಲವೇ ಎಂದರು ಇನ್ನೊಬ್ಬರು. ನಾಲಿಗೆಯ ಅಂಚಿನಲ್ಲಿ ಸದಾ ಹುಣ್ಣು. ಉಷ್ಣವಾಗಿದೆ ಎಂದು ಆಯಿ ದಿನವೂ ಒಂದೆಲಗದ ತಂಬುಳಿ ಮಾಡಿದಳು. ತಂಬುಳಿ ರುಚಿಯಾಗಿತ್ತು, ಹುಣ್ಣು ಮಾತ್ರ ಹಾಗೆಯೇ ಇತ್ತು.

ಮಾತ್ರೆ ಯಾಕೆ ನಾಟಲಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದಾಗ ಸೀಲಿಯಾಕ್ ಇರುವವರ ರೋಗನಿರೋಧಕ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಹೆಚ್ಚು ಪೆಟ್ಟು ಬೀಳುವುದು ಸಣ್ಣ ಕರುಳಿನ ಮೊದಲ ಭಾಗಕ್ಕೆ. ಆಹಾರದಿಂದ ಕಬ್ಬಿಣವನ್ನು ಹೀರಿಕೊಳ್ಳುವ ಜಾಗವೂ ಅದೇ. ಆದ್ದರಿಂದ ಮಾತ್ರೆಗೆ ಬಗ್ಗದ ರಕ್ತಹೀನತೆ ಒಂದು ದೊಡ್ಡ ಸುಳಿವು. ತಿಂಗಳುಗಟ್ಟಲೆ ಬಿಡದ ಭೇದಿ, ಜಿಡ್ಡಾಗಿ ತೇಲುವ, ಎರಡು ಬಾಲ್ದಿ ನೀರು ಸುರಿದರೂ ಹೋಗದ ಮಲ, ಇಳಿಯುವ ತೂಕ, ಇವು ಎಲ್ಲರೂ ಹೇಳುವ ಲಕ್ಷಣಗಳು. ಆದರೆ ಕೆಲವರಿಗೆ ಭೇದಿಯ ಬದಲು ಮಲಬದ್ಧತೆ ಇರುತ್ತದೆ. ಮೂಳೆ ಸವೆತ, ಕೈಕಾಲು ಜುಮ್ಮೆನ್ನುವುದು, ಮತ್ತೆ ಮತ್ತೆ ಗರ್ಭಪಾತ, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಗು, ಇವುಗಳ ಹಿಂದೆಯೂ ಸೀಲಿಯಾಕ್ ಅಡಗಿರಬಹುದು. ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ಏಳುವ ವಿಪರೀತ ತುರಿಕೆಯ ಗುಳ್ಳೆಗಳನ್ನು ಹುಳುಕಡ್ಡಿ ಎಂದು ಮುಲಾಮು ಹಚ್ಚುತ್ತಾ ಕೂರಬೇಡಿ. ಒಂದು ಬಗೆಯ ಗುಳ್ಳೆ ಇದೇ ಕಾಯಿಲೆ ಚರ್ಮದಲ್ಲಿ ಕಾಣಿಸಿಕೊಳ್ಳುವ ರೀತಿ. ಮನೆಯಲ್ಲಿ ತಂದೆ, ತಾಯಿ, ಒಡಹುಟ್ಟಿದವರಿಗೆ ಇದ್ದರೆ ಅಥವಾ ನಿಮಗೆ ಟೈಪ್ 1 ಮಧುಮೇಹವೋ ಥೈರಾಯ್ಡ್ ತೊಂದರೆಯೋ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಅನ್ನ ಉಣ್ಣುವವರ ಪ್ರಶ್ನೆಗೆ ಬರುತ್ತೇನೆ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ, ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಆದರೆ ಇದಕ್ಕೆ ದಾರಿ ಮಾಡಿಕೊಡುವ ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಕಡಿಮೆ ಇದ್ದದ್ದು ತಟ್ಟೆಯಲ್ಲಿನ ಗೋಧಿ. ಅದೂ ಈಗ ಏರುತ್ತಿದೆ.

ಇನ್ನು ನನ್ನ ತಪ್ಪು. ಯಾರೋ ಹೇಳಿದರೆಂದು ಎರಡು ತಿಂಗಳು ಗೋಧಿ ಬಿಟ್ಟೆ, ಹಾಯೆನಿಸಿತು. ಖಚಿತವಾಗಲಿ ಎಂದು ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿ ಎಂದು ಬಂತು! ಗ್ಲುಟೆನ್ ನಿಂತರೆ, ರೋಗನಿರೋಧಕ ವ್ಯವಸ್ಥೆ ರಕ್ತಕ್ಕೆ ಬಿಡುವ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ, ಪರೀಕ್ಷೆಗೆ ಸಿಗುವ ಸಾಕ್ಷಿ ಅಳಿಸಿಹೋಗುತ್ತದೆ. ಕಾಯಿಲೆ ಇಲ್ಲವೆಂದು ನಂಬಿ ಮತ್ತೆ ಗೋಧಿ ತಿಂದೆ, ಬಿಟ್ಟೆ, ತಿಂದೆ. ಹೀಗೆ ಒಂದು ವರ್ಷ ಹೋಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಕಂಡ ಹೊಟ್ಟೆಯ ತಜ್ಞರು ಫೈಲು ತೆರೆಯುವ ಮೊದಲೇ ಕೇಳಿದರು: "ಪರೀಕ್ಷೆಯ ಹೊತ್ತಿಗೆ ಗೋಧಿ ತಿನ್ನುತ್ತಿದ್ದಿರಾ?" ಆಮೇಲೆ ಆರು ವಾರ ದಿನವೂ ಎರಡು ಹೊತ್ತು ಚಪಾತಿ ತಿನ್ನಿಸಿದರು. ಆ ಆರು ವಾರ ನನ್ನ ಮುಖ ನೋಡಿ ಆಯಿ ಲಟ್ಟಣಿಗೆ ಹಿಡಿಯಲೇ ಹಿಂಜರಿಯುತ್ತಿದ್ದಳು.

ಆಗ ಈ ಕಾಯಿಲೆಯ ಸುಳಿವು ಕೊಡುವ ಟಿಟಿಜಿ-ಐಜಿಎ ಎಂಬ ಪ್ರತಿಕಾಯ ಸಾಮಾನ್ಯ ಮಿತಿಯ ಹತ್ತು ಪಟ್ಟು ಏರಿತ್ತು. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ, ಕರುಳಿನ ಚೂರುಗಳನ್ನು ತೆಗೆದು ನೋಡಿದರು. ಆರೋಗ್ಯವಂತರ ಸಣ್ಣ ಕರುಳಿನ ಒಳಮೈ ಹೊಸ ಕಂಬಳಿಯ ಹಾಗೆ ನವಿರು ಎಳೆಗಳಿಂದ ತುಂಬಿರುತ್ತದಂತೆ. ನನ್ನದು ಹತ್ತು ಮಳೆಗಾಲ ಹೊದ್ದ ಕಂಬಳಿ, ಬರೀ ನೂಲು.

ನೀವು ವೈದ್ಯರಲ್ಲಿ ಕೇಳಬೇಕಾದದ್ದು ಟಿಟಿಜಿ-ಐಜಿಎ, ಜೊತೆಗೆ ಒಟ್ಟು ಐಜಿಎ. ಎರಡನೆಯದು ಯಾಕೆಂದರೆ ಕೆಲವರ ರಕ್ತದಲ್ಲಿ ಐಜಿಎ ಬಗೆಯ ಪ್ರತಿಕಾಯಗಳೇ ಹುಟ್ಟಿನಿಂದ ಕಡಿಮೆ. ಅಂಥವರಿಗೆ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ. ಫಲಿತಾಂಶ ಹೆಚ್ಚು ಬಂದರೂ ಎಂಡೋಸ್ಕೋಪಿ ಬೇಕೇ ಎಂದು ತಜ್ಞರು ತೀರ್ಮಾನಿಸುವವರೆಗೆ, ಬೇಕೆಂದರೆ ಅದು ಮುಗಿಯುವವರೆಗೆ, ಗೋಧಿ ನಡೆಯಲಿ. ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಸರಸರನೆ ಇಳಿದರೆ ಈ ಉತ್ತರ ಓದುತ್ತಾ ಕೂರದೆ ಇವತ್ತೇ ವೈದ್ಯರ ಬಳಿ ಹೋಗಿ.

ನಿಮ್ಮದು ಸೀಲಿಯಾಕ್ ಅಲ್ಲದೆಯೂ ಇರಬಹುದು. ಗೋಧಿ ತಿಂದ ಕೆಲವು ನಿಮಿಷಗಳಲ್ಲೋ ಒಂದೆರಡು ತಾಸಿನಲ್ಲೋ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಬಂದರೆ ಅದು ಅಲರ್ಜಿ, ಅದರ ದಾರಿಯೇ ಬೇರೆ. ಪರೀಕ್ಷೆಗಳೆಲ್ಲ ಸರಿಯಿದ್ದೂ ಗೋಧಿಯಿಂದ ಹೊಟ್ಟೆ ಕೆಡುವವರೂ ಇದ್ದಾರೆ. ಅವರಲ್ಲಿ ಹಲವರಿಗೆ ಆಗದ್ದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಒಂದು ಬಗೆಯ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಪಾವ್ ಭಾಜಿ ತಿಂದು ಪಾವನ್ನು ಮಾತ್ರ ಬೈಯುವ ಮೊದಲು ಭಾಜಿಯನ್ನೂ ಒಮ್ಮೆ ನೆನೆಯಿರಿ.

ಸೀಲಿಯಾಕ್ ಎಂದೇ ಖಚಿತವಾದರೆ ಔಷಧಿಯಿಲ್ಲ; ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ನಮ್ಮ ಊರಲ್ಲಿ ಅದೇನೂ ಮಹಾ ಕಷ್ಟವಲ್ಲ. ಕೊಟ್ಟೆ ಕಡುಬು, ತೊಡದೇವು ಎಲ್ಲವೂ ಅಕ್ಕಿಯದೇ. ಬನ್ಸ್, ಶಿರಾ, ಹೋಳಿಗೆ ಕಣ್ಣಿಗೆ ಕಾಣುವ ಶತ್ರುಗಳು, ದೂರವಿಡಬಹುದು. ಕಾಣದವು ಕಾಡುತ್ತವೆ. ಗೋಧಿ ಬಿಟ್ಟು ಆರು ತಿಂಗಳಾದರೂ ನನ್ನ ಪ್ರತಿಕಾಯ ಪೂರ್ತಿ ಇಳಿಯಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ಓದಿದೆವು. ಇಂಗಿನ ಡಬ್ಬಿಯ ಹಿಂದೆ, ಸಾಸಿವೆಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಮೈದಾ ಎಂದಿತ್ತು. ನನ್ನ ಹುಣ್ಣಿಗೆಂದು ಆಯಿ ಮಾಡುತ್ತಿದ್ದ ತಂಬುಳಿಗೆ ಒಗ್ಗರಣೆ ಬೀಳುತ್ತಿದ್ದುದು ಅದೇ ಇಂಗಿನದು.

ನಾನು ಮೀನು ತಿನ್ನುವವಳಲ್ಲ, ಆದರೆ ನಿಮ್ಮ ಕಾರವಾರದ ಹೋಟೆಲುಗಳಲ್ಲಿ ಬಂಗಡೆಗೆ ರವೆ ಹಚ್ಚಿ ಹುರಿಯುವುದು ಗೊತ್ತು. ಆ ರವೆಯೂ ಗೋಧಿಯದೇ. ಅಕ್ಕಿ ಹಿಟ್ಟು ಹಚ್ಚಿ ಎಂದರೂ ಕಾವಲಿ, ಎಣ್ಣೆ ಒಂದೇ ಆಗಿದ್ದರೆ ಪ್ರಯೋಜನವಿಲ್ಲ. ಆದರೆ ಆ ಚಿಂತೆ ಆಮೇಲಿನದು. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಬಂಗಡೆಯನ್ನು ರವೆಯಲ್ಲೇ ಹುರಿಸಿಕೊಳ್ಳಿ.